ಹೃದಯದ ಮಾತ್ರೆ ಜೊತೆ ಚೀನಾ ಗಿಡಮೂಲಿಕೆ ತಗೋಬಹುದಾ? ರೋಗಿಗಳು, ಮನೆಯವರು, ಅಂಗಡಿಯವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರ ಮನೆಯಲ್ಲಿ ಎರಡು ಮಾತ್ರೆ ಇದ್ದೇ ಇರುತ್ತವೆ. ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್. "ರಕ್ತ ತೆಳು ಮಾಡೋ ಮಾತ್ರೆ" ಅಂತ ಎಲ್ಲರೂ ಕರೆಯುವುದು ಇವನ್ನೇ. ಕೆಲವು ತಿಂಗಳು ಸರಿಯಾಗಿ ನಡೆಯುತ್ತದೆ. ಆಮೇಲೆ ಸಿಂಗಪುರದಲ್ಲೋ ಮಲೇಷ್ಯಾದಲ್ಲೋ ಕೆಲಸ ಮಾಡುವ ಮಗ ಊರಿಗೆ ಬರುವಾಗ ಒಂದು ಡಬ್ಬಿ ತರುತ್ತಾನೆ. "ಅಪ್ಪಾಜಿ, ಇದು ಹಾರ್ಟಿಗೆ ಒಳ್ಳೇದು, ಬರೀ ಹರ್ಬಲ್, ಸೈಡ್ ಎಫೆಕ್ಟ್ ಇಲ್ಲ" ಅನ್ನುತ್ತಾನೆ. ಇಲ್ಲವೇ ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಯಾರೋ ಜಿಂಕ್ಗೋ, ಜಿನ್ಸೆಂಗ್ ಕ್ಯಾಪ್ಸೂಲ್ ತರಿಸುತ್ತಾರೆ.

ತರುವವರ ಉದ್ದೇಶ ಒಳ್ಳೆಯದೇ. ಆದರೆ ಆ ಡಬ್ಬಿಯಲ್ಲಿರುವ ಬೇರು, ಹೂವು, ಎಲೆಗಳಲ್ಲಿ ಕೆಲವು ರಕ್ತದ ಮೇಲೆ ನಿಜವಾಗಿಯೂ ಕೆಲಸ ಮಾಡುತ್ತವೆ. ಕೆಲಸ ಮಾಡುತ್ತವೆ ಅನ್ನೋದೇ ಇಲ್ಲಿ ತೊಂದರೆ.

ಮೊದಲೇ ಹೇಳಿಬಿಡಬೇಕಾದ ಮಾತು ಎರಡು. ಒಂದು, ವೈದ್ಯರು ಹೇಳದೆ ಹೃದಯದ ಮಾತ್ರೆ ನಿಲ್ಲಿಸಬೇಡಿ. ಎರಡು, ಗಿಡಮೂಲಿಕೆ ತಗೊಳ್ತಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಯಾಕೆ ಅನ್ನೋದನ್ನು ಮುಂದೆ ವಿವರವಾಗಿ ನೋಡೋಣ.

ಈ ಮಾತ್ರೆಗಳು ಮಾಡುವ ಕೆಲಸ ಏನು?

ಡೆಂಗ್ಯೂ ಬಂದಾಗ "ಕೌಂಟ್ ಬಿದ್ದಿದೆ" ಅಂತೀವಲ್ಲ, ಆ ಪ್ಲೇಟ್‌ಲೆಟ್‌ಗಳೇ ಇಲ್ಲಿನ ಕಥೆಯ ಮೂಲ. ಕೈ ಕೊಯ್ದುಕೊಂಡಾಗ ಈ ಸಣ್ಣ ಕಣಗಳು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಗಾಯದ ಬಾಯಿ ಮುಚ್ಚುತ್ತವೆ. ಅದು ಒಳ್ಳೆಯದು. ಆದರೆ ಹೃದಯದ ರಕ್ತನಾಳದ ಒಳಗೆ, ಅಥವಾ ಹೊಸದಾಗಿ ಹಾಕಿದ ಸ್ಟೆಂಟ್ ಮೇಲೆ ಹೀಗೆ ಅಂಟಿಕೊಂಡರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಅದೇ ಹೃದಯಾಘಾತ.

ನಿಜ ಹೇಳಬೇಕೆಂದರೆ ಈ ಮಾತ್ರೆಗಳು ರಕ್ತವನ್ನು ನೀರಿನ ಹಾಗೆ ತೆಳು ಮಾಡುವುದಿಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತವೆ ಅಷ್ಟೇ.

ಆಸ್ಪಿರಿನ್ ಒಂದು ದಾರಿಯಲ್ಲಿ ಪ್ಲೇಟ್‌ಲೆಟ್ ಕೈ ಕಟ್ಟುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ದಿನಕ್ಕೆ 75 ಮಿ.ಗ್ರಾಂ. ಬರೆಯುತ್ತಾರೆ, ಚೀನಾದಲ್ಲಿ 100 ಮಿ.ಗ್ರಾಂ. ಸಾಮಾನ್ಯ. ಒಮ್ಮೆ ಆಸ್ಪಿರಿನ್ ಮುಟ್ಟಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವವರೆಗೆ, ಅಂದರೆ 7ರಿಂದ 10 ದಿನ, ಮತ್ತೆ ಮೊದಲಿನಂತಾಗುವುದಿಲ್ಲ. ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲರ್ ಇನ್ನೊಂದು ದಾರಿಯಲ್ಲಿ ಅದೇ ಕೆಲಸ ಮಾಡುತ್ತವೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದವರಿಗೆ ಎರಡು ಬಗೆಯ ಮಾತ್ರೆಯನ್ನೂ ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಕೊಡುತ್ತಾರೆ. ಆಮೇಲೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುತ್ತಾರೆ. ರೋಗಿಗೆ ತಕ್ಕಂತೆ ಈ ಅವಧಿ ಹೆಚ್ಚುಕಮ್ಮಿ ಆಗಬಹುದು. ಅದನ್ನು ನಿರ್ಧರಿಸಬೇಕಾದವರು ಹೃದಯ ವೈದ್ಯರು.

ಅಂದರೆ ಇದು ತಕ್ಕಡಿ ಇದ್ದ ಹಾಗೆ. ಒಂದು ತಟ್ಟೆಯಲ್ಲಿ ಹೆಪ್ಪುಗಟ್ಟುವ ಅಪಾಯ, ಇನ್ನೊಂದರಲ್ಲಿ ರಕ್ತಸ್ರಾವದ ಅಪಾಯ. ವೈದ್ಯರು ತೂಗಿ ಡೋಸ್ ಬರೆದಿರುತ್ತಾರೆ. ನಾವು ಹೇಳದೆ ಕೇಳದೆ ಇನ್ನೊಂದು ಔಷಧ ಸೇರಿಸಿದರೆ ತಕ್ಕಡಿ ಯಾವ ಕಡೆ ವಾಲುತ್ತದೋ ಹೇಳಲು ಬರುವುದಿಲ್ಲ.

ಚೀನಾದಲ್ಲಿ ಈ ಪ್ರಶ್ನೆ ಯಾಕೆ ದೊಡ್ಡದು?

ನಮ್ಮಲ್ಲಿ ಆಯುರ್ವೇದ ಇದ್ದ ಹಾಗೆ ಚೀನಾದಲ್ಲಿ ಅವರದ್ದೇ ಸಾಂಪ್ರದಾಯಿಕ ವೈದ್ಯ ಪದ್ಧತಿ ಇದೆ. ಎದೆನೋವನ್ನು ಆ ಪದ್ಧತಿ "ರಕ್ತ ನಿಂತುಹೋದದ್ದು" ಅಂತ ನೋಡುತ್ತದೆ. ನಿಂತ ರಕ್ತವನ್ನು ಚುರುಕುಗೊಳಿಸಿ ಕಟ್ಟಿದ್ದನ್ನು ಕರಗಿಸಬೇಕು ಅನ್ನುವುದು ಚಿಕಿತ್ಸೆಯ ಸೂತ್ರ. ಚೀನೀ ಭಾಷೆಯಲ್ಲಿ ಇದಕ್ಕೆ "ಹುವೊ ಶ್ಯೂಯೆ ಹುವಾ ಯೂ" ಅನ್ನುತ್ತಾರೆ. 19ನೇ ಶತಮಾನದ ವೈದ್ಯ ವಾಂಗ್ ಚಿಂಗ್‌ರೆನ್ ಈ ವಿಚಾರವನ್ನು ಬೆಳೆಸಿದವರಲ್ಲಿ ಮುಖ್ಯರು. ಅವರ ಕಷಾಯಗಳನ್ನು ಇಂದಿಗೂ ಬಳಸುತ್ತಾರೆ.

ಅಲ್ಲಿನ ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಔಷಧ ಮತ್ತು ಚೀನೀ ಔಷಧ ಎರಡೂ ಒಂದೇ ಚೀಟಿಯಲ್ಲಿ ಬರುವುದು ಮಾಮೂಲು. ಹೃದಯ ರೋಗಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆಗೆ ಡಾನ್‌ಶೆನ್ ಗುಳಿಗೆಯನ್ನೂ ಕೊಡುತ್ತಾರೆ. ತೈವಾನ್‌ನಲ್ಲಿ 1995ರಿಂದ ಸರ್ಕಾರಿ ಆರೋಗ್ಯ ವಿಮೆಯೇ ಚೀನೀ ವೈದ್ಯಕ್ಕೂ ಹಣ ಕೊಡುತ್ತದೆ. ಹಾಗಾಗಿ ಎರಡೂ ಸೇರಿದರೆ ಏನಾಗುತ್ತದೆ ಅನ್ನುವ ಪ್ರಶ್ನೆ ಅಲ್ಲಿ ಲಕ್ಷಾಂತರ ಜನರ ಪ್ರಶ್ನೆ.

ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಬರೆದುಕೊಡುವ ವೈದ್ಯರಿಗೆ ರೋಗಿ ಏನೇನು ತಗೊಳ್ತಿದ್ದಾನೆ ಅಂತ ಚೀಟಿಯಲ್ಲೇ ಕಾಣುತ್ತದೆ. ನಮ್ಮೂರಿಗೆ ಬಂದ ಡಬ್ಬಿ ಯಾವ ಚೀಟಿಯಲ್ಲೂ ಇರುವುದಿಲ್ಲ.

ಅಡ್ಡ ಬರುವುದು ಎರಡು ದಾರಿಯಲ್ಲಿ

*ಮೊದಲ ದಾರಿ: ಎರಡೂ ಒಂದೇ ಕಡೆ ಎಳೆಯುವುದು.* ಮಾತ್ರೆಯೂ ಪ್ಲೇಟ್‌ಲೆಟ್ ಅಂಟದ ಹಾಗೆ ಮಾಡುತ್ತದೆ, ಮೂಲಿಕೆಯೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಹೊಟ್ಟೆಯಲ್ಲಿ, ಮೂಗಲ್ಲಿ, ಅಪರೂಪಕ್ಕೆ ಮಿದುಳಲ್ಲಿ ರಕ್ತ ಸೋರುವ ಸಾಧ್ಯತೆ ಹೆಚ್ಚುತ್ತದೆ.

*ಎರಡನೇ ದಾರಿ: ಮಾತ್ರೆಯ ಬಲವನ್ನೇ ಬದಲಾಯಿಸುವುದು.* ಇದು ಬಹಳ ಜನರಿಗೆ ಗೊತ್ತಿಲ್ಲ. ಕ್ಲೋಪಿಡೋಗ್ರೆಲ್ ನುಂಗಿದಾಗ ಅದು ಇನ್ನೂ ಔಷಧವೇ ಅಲ್ಲ. ಅಕ್ಕಿ ಇದ್ದ ಹಾಗೆ, ಬೆಂದ ಮೇಲೇ ಅನ್ನ. ಅದನ್ನು ಬೇಯಿಸುವ ಒಲೆ ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್. ನುಂಗಿದ್ದರಲ್ಲಿ ಸುಮಾರು 85 ಭಾಗ ದಾರಿಯಲ್ಲೇ ನಿಷ್ಪ್ರಯೋಜಕ ಆಗಿಹೋಗುತ್ತದೆ. ಉಳಿದ 15 ಭಾಗವನ್ನು ಲಿವರ್‌ನ ಕಿಣ್ವಗಳು ಕೆಲಸಕ್ಕೆ ಬರುವ ಔಷಧವನ್ನಾಗಿ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಸಿವೈಪಿ 2ಸಿ19 ಅನ್ನುವ ಕಿಣ್ವ.

ಮೂಲಿಕೆ ಈ ಕಿಣ್ವವನ್ನು ತಡೆದರೆ ಮಾತ್ರೆ ನುಂಗಿದರೂ ನುಂಗದ ಹಾಗೆ, ಸ್ಟೆಂಟ್ ಮುಚ್ಚುವ ಭಯ. ಕಿಣ್ವವನ್ನು ಕೆರಳಿಸಿದರೆ ಬಲ ಹೆಚ್ಚಾಗಿ ರಕ್ತಸ್ರಾವದ ಭಯ.

ಇದಕ್ಕೆ ನಮ್ಮ ಮೆಡಿಕಲ್ ಶಾಪ್‌ನಲ್ಲೇ ಉದಾಹರಣೆ ಇದೆ. ಗ್ಯಾಸ್ಟ್ರಿಕ್‌ಗೆ ತಗೊಳ್ಳುವ ಒಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತದೆ. ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ. ಅದಕ್ಕೇ ಎಷ್ಟೋ ವೈದ್ಯರು ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಒಂದು ಗ್ಯಾಸ್ ಮಾತ್ರೆಯೇ ಇಷ್ಟು ಮಾಡುವುದಾದರೆ ಹತ್ತು ಹನ್ನೆರಡು ಮೂಲಿಕೆ ಸೇರಿದ ಗುಳಿಗೆ ಏನು ಮಾಡೀತು ಅಂತ ಯೋಚಿಸಿ.

ಇನ್ನೊಂದು ಅಂಶ. ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಚೀನೀಯರಲ್ಲಿ ನೂರಕ್ಕೆ ಸುಮಾರು 14 ಜನರಲ್ಲಿ ಅದು ತೀರಾ ಕಡಿಮೆ ಕೆಲಸ ಮಾಡುತ್ತದೆ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಇಬ್ಬರು ಮಾತ್ರ. ಕಿಣ್ವವನ್ನು ದುರ್ಬಲಗೊಳಿಸುವ ಈ ಜೀನ್ ಭಾರತೀಯರಲ್ಲೂ ಸಾಕಷ್ಟು ಜನರಲ್ಲಿದೆ. ಇಂಥವರಲ್ಲಿ ಮೊದಲೇ ಕಡಿಮೆ ಇರುವ ಬಲ ಇನ್ನೂ ಕುಗ್ಗುವುದು ಒಳ್ಳೆಯದಲ್ಲ.

ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅದೇ ಕಷ್ಟ

ಕೃತಕ ವಾಲ್ವ್ ಹಾಕಿಸಿಕೊಂಡವರಿಗೆ ವಾರ್ಫರಿನ್ ಅಥವಾ ಅಸಿಟ್ರಾಮ್ ಕೊಡುತ್ತಾರೆ. ಅದು ಬೇರೆ ಗುಂಪಿನ ಔಷಧ. ಅವರು ಆಗಾಗ ಪಿಟಿ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಏನಾದರೂ ಮೂಲಿಕೆ ಅಡ್ಡ ಬಂದರೆ ಆ ಲೆಕ್ಕ ಏರಿಯೋ ಇಳಿದೋ ಸುಳಿವು ಕೊಡುತ್ತದೆ. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ವಾರ್ಫರಿನ್ ಜೊತೆ ಡಾನ್‌ಶೆನ್ ತಗೊಂಡವರಲ್ಲಿ ಐಎನ್‌ಆರ್ ವಿಪರೀತ ಏರಿದ ಪ್ರಕರಣಗಳು ಹೀಗೇ ಗೊತ್ತಾದವು.

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ಳುವವರಿಗೆ ಇಂಥ ಮಾಮೂಲಿ ಪರೀಕ್ಷೆ ಇಲ್ಲ. ಪ್ಲೇಟ್‌ಲೆಟ್ ಕೌಂಟ್ ಮಾಡಿಸಿದರೂ ಸಂಖ್ಯೆ ಸರಿಯಾಗೇ ಇರುತ್ತದೆ, ಯಾಕೆಂದರೆ ಕಡಿಮೆಯಾಗಿರುವುದು ಸಂಖ್ಯೆಯಲ್ಲ, ಅಂಟುವ ಗುಣ. ಹಾಗಾಗಿ ಎಡವಟ್ಟು ಆಗಿದೆ ಅಂತ ಗೊತ್ತಾಗುವುದು ರಕ್ತ ಸೋರಿದಾಗ, ಇಲ್ಲವೇ ಮತ್ತೆ ಎದೆನೋವು ಬಂದಾಗ. ಮೊದಲೇ ಹೇಳಿಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವುದು ಇದಕ್ಕೇ.

ಯಾವ ಮೂಲಿಕೆ, ಏನು ಗೊತ್ತಿದೆ?

ಡಾನ್‌ಶೆನ್: ಕೆಂಪು ಬೇರು, ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ಚೀನಾದ ಹೃದಯ ಗುಳಿಗೆಗಳಲ್ಲಿ ಇದೇ ಪ್ರಧಾನ. ಇದರ ಅಂಶಗಳು ಪ್ಲೇಟ್‌ಲೆಟ್ ಅಂಟುವುದನ್ನು ತಗ್ಗಿಸುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಆರೋಗ್ಯವಂತರ ಮೇಲೆ ನಡೆದ ಅಧ್ಯಯನದಲ್ಲಿ ಡಾನ್‌ಶೆನ್ ಮಾತ್ರೆ ಸಿವೈಪಿ 3ಎ4 ಅನ್ನುವ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸಿದ್ದೂ ಕಂಡಿದೆ. ಟಿಕಾಗ್ರೆಲರ್ ದೇಹದಿಂದ ಹೊರಹೋಗುವುದು ಇದೇ ಕಿಣ್ವದ ದಾರಿಯಲ್ಲಿ. ಹಾಗಾಗಿ ಅದನ್ನು ತಗೊಳ್ಳುವವರು ಎಚ್ಚರ ವಹಿಸಬೇಕು. ವಾರ್ಫರಿನ್ ಜೊತೆಗಂತೂ ಬೇಡವೇ ಬೇಡ.

ಡಾಂಗ್‌ಗುಯಿ ಮತ್ತು ಚುವಾನ್‌ಶಿಯೊಂಗ್: ಎರಡೂ ಕೊತ್ತಂಬರಿ, ಓಮಿನ ಕುಟುಂಬದ ಗಿಡಗಳ ಬೇರು. ಡಾಂಗ್‌ಗುಯಿಯನ್ನು ಚೀನೀ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸೂಪಿನಲ್ಲಿ ಹಾಕಿ ಕೊಡುತ್ತಾರೆ, ನಮ್ಮಲ್ಲಿ ಬಾಣಂತಿಗೆ ಲೇಹ್ಯ ಕೊಟ್ಟ ಹಾಗೆ. ಹೊರದೇಶಗಳಲ್ಲಿ "ಡಾಂಗ್ ಕ್ವಾಯ್" ಹೆಸರಲ್ಲಿ ಮಹಿಳೆಯರ ಕ್ಯಾಪ್ಸೂಲ್ ಆಗಿ ಸಿಗುತ್ತದೆ. ವಾರ್ಫರಿನ್ ತಗೊಳ್ಳುವ ಮಹಿಳೆಯೊಬ್ಬರಲ್ಲಿ ನಾಲ್ಕು ವಾರದ ಬಳಕೆಯಿಂದ ಐಎನ್‌ಆರ್ ದುಪ್ಪಟ್ಟಿಗಿಂತ ಹೆಚ್ಚಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಪ್ಲೇಟ್‌ಲೆಟ್ ಮಾತ್ರೆ ತಗೊಳ್ಳುವವರಿಗೂ ಕೇಳದೆ ಬೇಡ.

ಸಾನ್‌ಚಿ: ಯುನ್ನಾನ್ ಪ್ರಾಂತ್ಯದ ಬೇರು, ಜಿನ್ಸೆಂಗ್‌ನ ಸಂಬಂಧಿ. ವಿಚಿತ್ರ ಅಂದರೆ ಇದನ್ನು ರಕ್ತ ನಿಲ್ಲಿಸಲೂ ಬಳಸುತ್ತಾರೆ, ರಕ್ತ ಚುರುಕುಗೊಳಿಸಲೂ ಬಳಸುತ್ತಾರೆ. ಹೀಗೆ ಎರಡು ಕಡೆಯೂ ಮಾತಾಡುವ ವಸ್ತುವನ್ನು ಸ್ಟೆಂಟ್ ಇರುವವರು ಸ್ವಂತ ಲೆಕ್ಕದಲ್ಲಿ ತಗೊಳ್ಳದಿರುವುದೇ ಕ್ಷೇಮ.

ಹೊಂಗ್‌ಹುವಾ: ಹೆಸರು ಹೊಸದು ಅನ್ನಿಸಿದರೂ ಗಿಡ ನಮಗೆ ಗೊತ್ತಿರೋದೇ. ಇದು ನಮ್ಮ ಕುಸುಬೆ ಹೂವು! ವಿಜಯಪುರ, ಕಲಬುರಗಿ ಕಡೆ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುತ್ತಾರಲ್ಲ, ಅದೇ. ನಾವು ಬೀಜದಿಂದ ಎಣ್ಣೆ ತೆಗೆಯುತ್ತೇವೆ, ಚೀನೀಯರು ಒಣಗಿದ ಎಸಳನ್ನು ರಕ್ತ ಚುರುಕುಗೊಳಿಸುವ ಔಷಧ ಅಂತ ಕುದಿಸಿ ಕುಡಿಯುತ್ತಾರೆ. ಅಡುಗೆಗೆ ಬಳಸುವ ಕುಸುಬೆ ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ, ಎಣ್ಣೆ ಬಿಡಬೇಕಾಗಿಲ್ಲ. ಆದರೆ ಕುಸುಬೆ ಎಸಳನ್ನು ಕೇಸರಿ ಅಂತ ಮಾರುವುದೂ ಉಂಟು. ಹೃದಯ ರೋಗಿ ದಿನಾ ಎಸಳಿನ ಕಷಾಯ ಕುಡಿಯುವುದಾದರೆ ವೈದ್ಯರಿಗೆ ತಿಳಿಸಬೇಕು.

ಜಿಂಕ್ಗೋ: "ಜ್ಞಾಪಕಶಕ್ತಿಗೆ" ಅಂತ ನಮ್ಮ ಮೆಡಿಕಲ್‌ಗಳಲ್ಲೂ ಸಿಗುವ ಎಲೆಯ ಸಾರ. ಬೈಪಾಸ್ ಆಗಿ ದಿನಾ ಆಸ್ಪಿರಿನ್ ತಗೊಳ್ಳುತ್ತಿದ್ದ 70 ವರ್ಷದ ಅಮೆರಿಕದ ಒಬ್ಬರು ಜಿಂಕ್ಗೋ ಶುರುಮಾಡಿದ ಒಂದೇ ವಾರಕ್ಕೆ ಕಣ್ಣೊಳಗೆ ರಕ್ತಸ್ರಾವವಾದ ವರದಿ 1997ರಲ್ಲಿ ಪ್ರಕಟವಾಯಿತು. ಆಗಿನಿಂದ ಭಯ ಹುಟ್ಟಿತು. ಆದರೆ 75 ವರ್ಷ ದಾಟಿದ 3,069 ಜನರ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ ಜಿಂಕ್ಗೋ ತಗೊಂಡವರಲ್ಲಿ ರಕ್ತಸ್ರಾವ ಗಣನೀಯವಾಗಿ ಹೆಚ್ಚಲಿಲ್ಲ. ಜ್ಞಾಪಕಶಕ್ತಿಗೂ ಉಪಯೋಗ ಕಾಣಲಿಲ್ಲ, ಮರೆವಿನ ಕಾಯಿಲೆ ತಡೆಯಲಿಲ್ಲ. ಲಾಭವೇ ಖಚಿತವಿಲ್ಲದ ಕ್ಯಾಪ್ಸೂಲ್‌ಗಾಗಿ ಎರಡು ಪ್ಲೇಟ್‌ಲೆಟ್ ಮಾತ್ರೆಯಲ್ಲಿರುವವರು ಸಣ್ಣ ಅಪಾಯವನ್ನಾದರೂ ಯಾಕೆ ತಗೋಬೇಕು?

ಜಿನ್ಸೆಂಗ್: ಶಕ್ತಿಗೆ ಅಂತ ಮಲ್ಟಿವಿಟಮಿನ್ ಕ್ಯಾಪ್ಸೂಲ್‌ಗಳಲ್ಲಿ ಸೇರಿಸಿರುತ್ತಾರೆ. ಅಮೆರಿಕನ್ ಜಿನ್ಸೆಂಗ್ ವಾರ್ಫರಿನ್ ಬಲವನ್ನು ಕುಗ್ಗಿಸಿದ್ದು 2004ರ ಅಧ್ಯಯನದಲ್ಲಿ ಕಂಡಿದೆ. ನಿಮ್ಮ ವಿಟಮಿನ್ ಡಬ್ಬಿಯ ಹಿಂಬದಿ ಒಮ್ಮೆ ಓದಿ ನೋಡಿ.

ಜಿಗಣೆ: ಹೌದು, ಒಣಗಿಸಿದ ಜಿಗಣೆ ಪುಡಿಯೂ ಕೆಲವು ಚೀನೀ ಹೃದಯ ಕ್ಯಾಪ್ಸೂಲ್‌ಗಳಲ್ಲಿ ಇದೆ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಅನ್ನುವ ವಸ್ತು ಇರುತ್ತದೆ. "ಬರೀ ಗಿಡಮೂಲಿಕೆ" ಅನ್ನುವ ಮಾತು ಎಲ್ಲ ಡಬ್ಬಿಗೂ ನಿಜವಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಜೇಷ್ಠಮಧು: ಚೀನೀಯರು ಇದನ್ನು ಗಾನ್‌ಸಾವ್ ಅನ್ನುತ್ತಾರೆ, ಬಹಳಷ್ಟು ಕಷಾಯಗಳಲ್ಲಿ ಸೇರಿಸುತ್ತಾರೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಗೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಪ್ಲೇಟ್‌ಲೆಟ್ ಮಾತ್ರೆ ತಗೊಳ್ಳುವವರಿಗೆ ಬಿಪಿ ಏರುವುದು ಅಂದರೆ ಮಿದುಳಿನ ರಕ್ತಸ್ರಾವದ ಅಪಾಯ ಹೆಚ್ಚಿದ ಹಾಗೆ.

ಹಾಗಾದರೆ ಚೀನೀ ಔಷಧವೆಲ್ಲ ಕೆಟ್ಟದ್ದಾ?

ಹಾಗೇನಿಲ್ಲ. ಜಿಗಣೆ, ಜಿನ್ಸೆಂಗ್, ಚೇಳು ಮುಂತಾದವು ಸೇರಿದ "ತೋಂಗ್‌ಶಿನ್‌ಲುವೊ" ಅನ್ನುವ ಕ್ಯಾಪ್ಸೂಲ್ ಬಗ್ಗೆ ಚೀನಾದ 124 ಆಸ್ಪತ್ರೆಗಳಲ್ಲಿ ದೊಡ್ಡ ಹೃದಯಾಘಾತವಾದ 3,777 ರೋಗಿಗಳ ಅಧ್ಯಯನ ನಡೆಯಿತು. 2023ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯ ಜೊತೆ ಈ ಕ್ಯಾಪ್ಸೂಲ್ ತಗೊಂಡವರಲ್ಲಿ 30 ದಿನದೊಳಗೆ ಸಾವು, ಮರು ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆ ಶೇ. 3.4 ಜನರಿಗೆ ಆಯಿತು. ನಕಲಿ ಕ್ಯಾಪ್ಸೂಲ್ ತಗೊಂಡವರಲ್ಲಿ ಅದು ಶೇ. 5.2. ದೊಡ್ಡ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇದನ್ನು ಓದಿ "ಹಾಗಾದ್ರೆ ತರಿಸೋಣ" ಅನ್ನಬೇಡಿ. ಆ ರೋಗಿಗಳಿಗೆ ಆಸ್ಪಿರಿನ್ ಮುಂತಾದ ಮಾಮೂಲಿ ಔಷಧಗಳನ್ನು ನಿಲ್ಲಿಸಿರಲಿಲ್ಲ. ಒಂದೇ ಕಂಪನಿಯ, ಗುಣಮಟ್ಟ ಪರೀಕ್ಷಿಸಿದ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟಿದ್ದರು. ಆನ್‌ಲೈನ್‌ನಲ್ಲಿ ಬರುವ ಡಬ್ಬಿಗೆ ಇವು ಯಾವುದೂ ಅನ್ವಯಿಸುವುದಿಲ್ಲ.

ಲೇಬಲ್‌ನಲ್ಲಿ ಬರೆಯದೇ ಇರೋದು

ಇನ್ನೂ ಒಂದು ಅಪಾಯ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಗಳಿಂದ ತಂದ 260 ಏಷ್ಯನ್ ಸಿದ್ಧ ಔಷಧಗಳನ್ನು ಪರೀಕ್ಷಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ 83ರಲ್ಲಿ, ಅಂದರೆ ಸುಮಾರು ಮೂರನೇ ಒಂದು ಭಾಗದಲ್ಲಿ, ಲೇಬಲ್‌ನಲ್ಲಿ ಹೇಳದ ಇಂಗ್ಲಿಷ್ ಔಷಧವೋ ಸೀಸ, ಪಾದರಸದಂಥ ಲೋಹವೋ ಸಿಕ್ಕಿತು.

ಮಂಡಿನೋವಿನ "ಹರ್ಬಲ್" ಗುಳಿಗೆಗಳಲ್ಲಿ ಕದ್ದು ಸೇರಿಸುವುದು ಹೆಚ್ಚಾಗಿ ನೋವಿನ ಮಾತ್ರೆ ಮತ್ತು ಸ್ಟಿರಾಯ್ಡ್. ಒಂದೇ ದಿನಕ್ಕೆ ನೋವು ಮಾಯ ಆಗೋದು ಅದಕ್ಕೇ. ಆಸ್ಪಿರಿನ್ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಅದರಲ್ಲೂ ಐಬುಪ್ರೊಫೆನ್ ಮೊದಲು ನುಂಗಿದರೆ ಆಸ್ಪಿರಿನ್ ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ, ಆಸ್ಪಿರಿನ್ ಕೆಲಸ ಮಾಡುವುದಿಲ್ಲ. ಈ ಮಾತು ಚೀನಾದ ಡಬ್ಬಿಗೆ ಮಾತ್ರ ಅಲ್ಲ, ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ನೋವಿನ ಪುಡಿಗೂ ಅನ್ವಯ.

ಈ ಲಕ್ಷಣ ಕಂಡರೆ ತಡಮಾಡಬೇಡಿ

- ಡಾಂಬರಿನ ಹಾಗೆ ಕಪ್ಪು, ಅಂಟಂಟು ಮಲ (ಕಬ್ಬಿಣಾಂಶದ ಮಾತ್ರೆಯಿಂದಲೂ ಕಪ್ಪಾಗಬಹುದು, ಆದರೂ ತೋರಿಸಿ)
- ಕಾಫಿ ಗಸಿಯಂಥ ಅಥವಾ ರಕ್ತ ಮಿಶ್ರಿತ ವಾಂತಿ
- ಹತ್ತು ನಿಮಿಷ ಮೂಗು ಒತ್ತಿ ಹಿಡಿದರೂ ನಿಲ್ಲದ ರಕ್ತ
- ಕೆಂಪು ಮೂತ್ರ, ಪೆಟ್ಟು ಬೀಳದಿದ್ದರೂ ಮೈಮೇಲೆ ದೊಡ್ಡ ನೀಲಿ ಕಲೆ
- ತಲೆಗೆ ಪೆಟ್ಟು, ಹಠಾತ್ ಜೋರು ತಲೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು
- ಮತ್ತೆ ಎದೆನೋವು, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು

ಕೊನೆಯ ಎರಡಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ರಕ್ತ ವಾಂತಿಯಾದರೆ, ತಲೆಸುತ್ತಿ ಬಿದ್ದರೂ ಅಷ್ಟೇ. ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಅಂಗಡಿಯವರಿಗೆ ಒಂದು ಮಾತು

ಮೆಡಿಕಲ್ ಶಾಪ್‌ನವರು ಜಿಂಕ್ಗೋ, ಜಿನ್ಸೆಂಗ್, ಕರ್ಕ್ಯುಮಿನ್, ಬೆಳ್ಳುಳ್ಳಿ ಸಾರದ ಕ್ಯಾಪ್ಸೂಲ್ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಹಾರ್ಟಿಗೆ, ರಕ್ತ ತೆಳು ಮಾಡೋಕೆ ಮಾತ್ರೆ ತಗೊಳ್ತಿದ್ದೀರಾ?" ಹೌದು ಅಂದರೆ ವೈದ್ಯರನ್ನು ಕೇಳಿ ಬನ್ನಿ ಅನ್ನಿ. ಅದೇ ಗಿರಾಕಿ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೇಳಿದರೂ ಇದೇ ಪ್ರಶ್ನೆ, ಕ್ಲೋಪಿಡೋಗ್ರೆಲ್ ತಗೊಳ್ಳುವವರು ಒಮೆಪ್ರಜೋಲ್ ಕೇಳಿದರೂ ಇದೇ ಪ್ರಶ್ನೆ.

ಗಂಧಿಗೆ ಅಂಗಡಿ, ಕಿರಾಣಿ ಅಂಗಡಿಯವರು ಕುಸುಬೆ ಎಸಳನ್ನು ಕುಸುಬೆ ಅಂತಲೇ ಹೇಳಿ ಮಾರಲಿ. ಕನ್ನಡ, ಇಂಗ್ಲಿಷ್ ಯಾವುದರಲ್ಲೂ ಒಳಗೇನಿದೆ ಅಂತ ಬರೆಯದ ವಿದೇಶಿ ಡಬ್ಬಿಯನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಒಬ್ಬ ಗಿರಾಕಿಗೆ ತೊಂದರೆಯಾದರೆ ಊರಲ್ಲಿ ಹೆಸರು ಹೋಗುವುದು ಅಂಗಡಿಯದ್ದೇ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಅಡುಗೆಯ ಶುಂಠಿ, ಅರಿಸಿನ, ಬೆಳ್ಳುಳ್ಳಿ ಬಿಡಬೇಕಾ?
ಬೇಡ. ಸಾರು, ಪಲ್ಯ, ಚಟ್ನಿಗೆ ಹಾಕುವಷ್ಟು ಪ್ರಮಾಣಕ್ಕೆ ಹೆದರಬೇಕಿಲ್ಲ. ಶುಂಠಿ, ಅರಿಸಿನ ಚೀನೀ ವೈದ್ಯದಲ್ಲೂ ಇವೆ. ಎಚ್ಚರ ಬೇಕಿರುವುದು ಸಾರ ಇಳಿಸಿ ಮಾಡಿದ ಕ್ಯಾಪ್ಸೂಲ್, ದಿನಾ ಕುಡಿಯುವ ಗಟ್ಟಿ ಕಷಾಯಕ್ಕೆ.

ಮಾತ್ರೆ ಬೆಳಿಗ್ಗೆ, ಮೂಲಿಕೆ ರಾತ್ರಿ ತಗೊಂಡ್ರೆ ಸರಿಹೋಗುತ್ತಾ?
ಇಲ್ಲ. ಆಸ್ಪಿರಿನ್ ಪರಿಣಾಮ ಗಂಟೆಗಳಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ ಇರುತ್ತದೆ. ಕಿಣ್ವದ ಮೇಲಿನ ಪರಿಣಾಮವೂ ದಿನಗಟ್ಟಲೆ ಉಳಿಯಬಹುದು. ಅಂತರ ಬಿಟ್ಟರೆ ಸಮಸ್ಯೆ ತಪ್ಪುವುದಿಲ್ಲ.

ಈಗಾಗಲೇ ತಗೊಳ್ತಿದ್ದೀನಿ, ಏನ್ ಮಾಡ್ಲಿ?
ನೀವಾಗೇ ಶುರುಮಾಡಿದ ಮೂಲಿಕೆ ನಿಲ್ಲಿಸಿ, ಹೃದಯದ ಮಾತ್ರೆ ಮುಂದುವರಿಸಿ, ವೈದ್ಯರಿಗೆ ತಿಳಿಸಿ. ವಾರ್ಫರಿನ್, ಅಸಿಟ್ರಾಮ್‌ನವರು ಮಾತ್ರ ನಿಲ್ಲಿಸುವ ಮುಂಚೆಯೇ ವೈದ್ಯರಿಗೆ ಫೋನ್ ಮಾಡಿ. ಮೂಲಿಕೆ ಬಿಟ್ಟಾಗಲೂ ಐಎನ್‌ಆರ್ ಬದಲಾಗಬಹುದು, ಪರೀಕ್ಷೆ ಬೇಕಾಗುತ್ತದೆ.

ನೋವಿಗೆ ಹಚ್ಚೋ ಚೀನಾ ಎಣ್ಣೆ, ಪಟ್ಟಿ ಪರವಾಗಿಲ್ವಾ?
ಇಂಥ ಬಹಳಷ್ಟು ಎಣ್ಣೆಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ಅದು ಆಸ್ಪಿರಿನ್‌ನ ನೆಂಟ. ಒಂದು ಕಡೆ ಸ್ವಲ್ಪ ಹಚ್ಚಿದರೆ ದೊಡ್ಡ ವಿಷಯವಲ್ಲ. ಮೈಗೆಲ್ಲ ದಿನಾ ತಿಕ್ಕುವ ಅಭ್ಯಾಸ ಇದ್ದರೆ ಕೇಳಿಕೊಳ್ಳಿ.

ಹಲ್ಲು ಕೀಳಿಸಬೇಕು, ಆಪರೇಷನ್ ಇದೆ. ಎಲ್ಲ ನಿಲ್ಲಿಸಲಾ?
ಮೂಲಿಕೆಗಳನ್ನು ಆಪರೇಷನ್‌ಗೆ ಎರಡು ವಾರ ಮುಂಚೆ ನಿಲ್ಲಿಸುವುದು ಅರಿವಳಿಕೆ ತಜ್ಞರು ಕೊಡುವ ಸಾಮಾನ್ಯ ಸಲಹೆ. ಹೃದಯದ ಮಾತ್ರೆ ವಿಷಯ ಬೇರೆ. ಅದನ್ನು ನಿಲ್ಲಿಸಬೇಕೋ, ಎಷ್ಟು ದಿನ ಅನ್ನುವುದನ್ನು ಹೃದಯ ವೈದ್ಯರೇ ಹೇಳಬೇಕು. ಹೊಸ ಸ್ಟೆಂಟ್ ಇರುವವರು ಹಲ್ಲಿಗೋಸ್ಕರ ಮಾತ್ರೆ ಬಿಟ್ಟು ಹೃದಯಕ್ಕೆ ಕುತ್ತು ತಂದುಕೊಳ್ಳಬಾರದು.

ವೈದ್ಯರಿಗೆ ಹೇಳಿದ್ರೆ ಬೈತಾರೆ ಅನ್ನೋ ಭಯ...
ಬೈದರೆ ಬೈಸಿಕೊಳ್ಳಿ. ರಾತ್ರಿ ಹೊತ್ತಲ್ಲಿ ರಕ್ತ ವಾಂತಿಯಾದಾಗ ಡ್ಯೂಟಿ ಡಾಕ್ಟರಿಗೆ ಬೇಕಾಗುವುದು ಈ ಮಾಹಿತಿಯೇ.

ಇವತ್ತೇ ಮಾಡಬಹುದಾದ ಕೆಲಸ

ಮನೆಯಲ್ಲಿ ಹೃದಯದ ಮಾತ್ರೆ ತಗೊಳ್ಳುವವರಿದ್ದರೆ ಒಂದು ಹಾಳೆ ತಗೊಳ್ಳಿ. ಇಂಗ್ಲಿಷ್ ಮಾತ್ರೆ, ಆಯುರ್ವೇದದ ಚೂರ್ಣ, ಮತ್ತಿ ಚೆಕ್ಕೆ ಕಷಾಯ, ವಿಟಮಿನ್ ಡಬ್ಬಿ, ಮಗ ತಂದ ಚೀನಾ ಗುಳಿಗೆ, ಏನೇನು ಹೊಟ್ಟೆಗೆ ಹೋಗುತ್ತದೋ ಎಲ್ಲ ಬರೆಯಿರಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅನ್ನುವುದೂ ಇರಲಿ. ಓದಲು ಬಾರದ ಭಾಷೆಯ ಡಬ್ಬಿಯಾದರೆ ನಾಲ್ಕೂ ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಬಾರಿ ತೋರಿಸಲು ಹೋಗುವಾಗ ಆ ಹಾಳೆಯನ್ನು ಆಸ್ಪತ್ರೆ ಫೈಲ್‌ನಲ್ಲಿ ಮೇಲ್ಗಡೆಯೇ ಇಡಿ.

ಯಾವುದೇ ಔಷಧದಿಂದ ಅಡ್ಡ ಪರಿಣಾಮ ಆದರೆ ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ರೋಗಿಯೇ ಕರೆ ಮಾಡಬಹುದು, ಮನೆಯವರೂ ಮಾಡಬಹುದು.

(ಇದು ಸಾರ್ವಜನಿಕ ತಿಳಿವಳಿಕೆಗಾಗಿ ಪ್ರಕಟಿಸಿದ ಮಾಹಿತಿ. ಔಷಧ ಶುರುಮಾಡುವ, ನಿಲ್ಲಿಸುವ, ಬದಲಾಯಿಸುವ ತೀರ್ಮಾನ ನಿಮ್ಮ ವೈದ್ಯರದ್ದು.)